ಚಿನ್ನದ ಉಣುಗು, ಗುಲಾಬಿ ಕಲ್ಲು

ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ ಕೆಪೆಲ್ ಸ್ಟ್ರೀಟ್ ಎಂಬ ಗಿಡ್ಡ ಬೀದಿಯೊಂದಿದೆ. ಬ್ರಿಟಿಷ್ ಮ್ಯೂಸಿಯಮ್ ನೋಡಲು ಬಂದವರು ಅದರ ಹತ್ತಿರದಲ್ಲೇ ಓಡಾಡುತ್ತಾರೆ. ಒಳಗೆ ತಿರುಗುವವರು ಕಡಿಮೆ. ನೀವು ತಿರುಗಿ ಬನ್ನಿ. ಅಕ್ಟೋಬರಿನ ಬೆಳಗು, ಆಕಾಶವೆಲ್ಲ ಬೂದು, ಕಾಲಡಿಯಲ್ಲಿ ಪ್ಲೇನ್ ಮರದ ಅಗಲ ಎಲೆಗಳು ಒದ್ದೆಯಾಗಿ ಅಂಟಿಕೊಂಡಿವೆ. ಎದುರಿಗೆ ಮಳೆಗೆ ತೊಯ್ದ ಬಿಳಿ ಕಲ್ಲಿನ ದೊಡ್ಡ ಕಟ್ಟಡ. ಅದರ ಪುಟ್ಟ ಬಾಲ್ಕನಿಗಳ ಕಪ್ಪು ಕಬ್ಬಿಣದ ಮೇಲೆ ಏನೋ ಹೊಳೆಯುತ್ತಿದೆ. ಕತ್ತೆತ್ತಿ ನೋಡಿ. ಸೊಳ್ಳೆ! ಕಂಚಿನ ಸೊಳ್ಳೆ, ಮೇಲೆ ಚಿನ್ನದ ಲೇಪ. ಪಕ್ಕದಲ್ಲಿ ಚಿಗಟ. ಇನ್ನೂ ಮುಂದೆ ಹೇನು, ತಿಗಣೆ, ಇಲಿ, ನಾಗರಹಾವು, ಆಫ್ರಿಕದ ತ್ಸೆತ್ಸೆ ನೊಣ. ಮನುಷ್ಯನನ್ನು ಸಾವಿರಾರು ವರ್ಷ ಕಾಡಿದ ಜೀವಿಗಳೆಲ್ಲ ಇಲ್ಲಿ ಬಂಗಾರ ತೊಟ್ಟು ಸಾಲಾಗಿ ಕೂತಿವೆ.

ಇದು ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್. ಸಾರ್ವಜನಿಕ ಆರೋಗ್ಯದ ಎಂಎಸ್ಸಿ ಓದಲು ನಾನು ಬಂದಿರುವ ಶಾಲೆ. 1899ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ ಇದನ್ನು ಹುಟ್ಟುಹಾಕಿದ್ದು ಇನ್ನೊಂದು ಜಾಗದಲ್ಲಿ, ಹಡಗುಕಟ್ಟೆಗಳ ಹತ್ತಿರ. ಈ ಕಟ್ಟಡ ತೆರೆದದ್ದು 1929ರಲ್ಲಿ.

ಬಾಲ್ಕನಿಗಳನ್ನು ಒಂದೊಂದಾಗಿ ನೋಡುತ್ತ ಬೀದಿಯುದ್ದ ನಡೆಯುತ್ತೇನೆ. ಒಂದರ ಮುಂದೆ ಕಾಲು ನಿಲ್ಲುತ್ತದೆ. ಉಬ್ಬಿದ ಮೈ, ಚಿಕ್ಕ ತಲೆ, ಎಂಟು ಕಾಲು. ಉಣುಗು. ನಮ್ಮೂರಿನ ಉಣುಗು! ಮಲೆನಾಡಿನ ಸಾಗರದ ಕಡೆ ದನ ಕಟ್ಟುವವರ ಮನೆಯಲ್ಲಿ ಹುಟ್ಟಿದವರಿಗೆ ಇದರ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ದನದ ಕಿವಿಯ ಸಂದಿನಿಂದ, ಕಾಡಿಗೆ ಸೊಪ್ಪಿಗೆ ಹೋಗಿ ಬಂದ ಅಪ್ಪನ ಕಾಲಿನಿಂದ ಕಿತ್ತು ಬೆಂಕಿಗೆ ಹಾಕಿದ್ದ ಜೀವಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಅದರ ಬೆನ್ನಿಗೇ ಜನ ಜ್ವರದಿಂದ ಮಲಗಿದಾಗ, ಆ ಕಾಯಿಲೆಯನ್ನು ಕಾಡಿನಿಂದ ಮನುಷ್ಯರವರೆಗೆ ದಾಟಿಸಿದ್ದು ಈ ಜಾತಿಯೇ. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಅದು ಕ್ಯಾಸನೂರು ಫಾರೆಸ್ಟ್ ಡಿಸೀಸ್, ನಮಗೆ ಮಂಗನ ಕಾಯಿಲೆ. ಇಲ್ಲಿಗೆ ಬರುವ ಮೊದಲು ನಾನು ಕೆಲಸ ಮಾಡಿದ್ದು ಆ ಕಾಡಂಚಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಕಾಯಿಲೆಯ ಕಾಲ, ಡಿಸೆಂಬರ್ ಬಂತೆಂದರೆ ಎದೆ ಬಡಿತ ಜೋರಾಗುತ್ತಿದ್ದ ಕೇಂದ್ರ ಅದು. ಏಳು ಸಮುದ್ರದಾಚೆ, ಯಾರೂ ನನ್ನ ಗುರುತು ಹಿಡಿಯದ ಊರಿನಲ್ಲಿ, ನನ್ನ ಗುರುತಿನದೊಂದು ಬಂಗಾರದ ಕಾಲು ಚಾಚಿ ಕೂತಿದೆ.

ಬಾಲ್ಕನಿಗಳಿಂದ ಕಣ್ಣನ್ನು ಇನ್ನೂ ಮೇಲಕ್ಕೆ ಒಯ್ಯಿರಿ. ಕಲ್ಲಿನ ಪಟ್ಟಿಯಲ್ಲಿ ಹೆಸರುಗಳನ್ನು ಕೆತ್ತಿದ್ದಾರೆ. ಜೆನ್ನರ್, ಪಾಶ್ಚರ್, ಕಾಕ್, ಲಿಸ್ಟರ್, ಪೆಟೆನ್‌ಕೋಫರ್. 23 ಹೆಸರು, ಇಪ್ಪತ್ಮೂರೂ ಗಂಡಸರವು. ತೊಂಬತ್ತು ವರ್ಷ ಅದು ಹಾಗೇ ಇತ್ತು. 2019ರಲ್ಲಿ ಮೂವರು ಹೆಂಗಸರು ಸೇರಿಕೊಂಡರು: ಫ್ಲಾರೆನ್ಸ್ ನೈಟಿಂಗೇಲ್, ಮೇರಿ ಕ್ಯೂರಿ, ಆಲಿಸ್ ಬಾಲ್. ಮೊದಲಿನ ಇಬ್ಬರು ಎಲ್ಲರಿಗೂ ಗೊತ್ತು. ಆಲಿಸ್ ಬಾಲ್ ಯಾರೆಂದು ನಾನು ತಿಳಿದುಕೊಂಡದ್ದು ಇಲ್ಲಿಗೆ ಬಂದ ಮೇಲೆ. ಹವಾಯಿಯಲ್ಲಿ ಕಲಿತ ಕರಿಯ ಅಮೆರಿಕನ್ ಹುಡುಗಿ, ರಸಾಯನ ವಿಜ್ಞಾನಿ. ಚೌಲ್ಮೂಗ್ರ ಎಣ್ಣೆಯನ್ನು ಕುಷ್ಠರೋಗಿಗಳ ಮೈಗೆ ಸೂಜಿಯಲ್ಲಿ ಕೊಡುವಂತೆ ಮಾಡುವ ದಾರಿ ಕಂಡುಹಿಡಿದಳು. 1916ರಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿಗೆ ತೀರಿಕೊಂಡಳು. ಚೌಲ್ಮೂಗ್ರ ಎಂದೊಡನೆ ನನ್ನ ಕಿವಿ ನಿಮಿರುತ್ತದೆ. ಅದೇ ಕುಲದ ಗರುಡಫಲದ ಮರ ನಮ್ಮ ಮಲೆನಾಡಿನ ಹಳ್ಳದ ದಂಡೆಯಲ್ಲಿ ಬೆಳೆಯುತ್ತದೆ. ಅದರ ಕಂದು ಕಾಯಿಗಳು ನೀರಿನಲ್ಲಿ ಉರುಳುವುದನ್ನು ನೋಡುತ್ತಲೇ ಬೆಳೆದವಳು ನಾನು.

ಬಾಗಿಲು ತಳ್ಳಿ ಒಳಗೆ ಹೋದರೆ ಬೆಚ್ಚಗಿನ ಗಾಳಿ, ಕಾಫಿಯ ವಾಸನೆ, ಹತ್ತಾರು ಭಾಷೆಗಳ ಗಲಗಲ. ಸೊಳ್ಳೆಯಿಂದ ಮಲೇರಿಯಾ ಬರುವುದನ್ನು ತೋರಿಸಿಕೊಟ್ಟ ರೊನಾಲ್ಡ್ ರಾಸ್ ಅವರ ಕಾಗದಪತ್ರಗಳ ದೊಡ್ಡ ಸಂಗ್ರಹ ಈ ಶಾಲೆಯಲ್ಲಿದೆ. ಅವರು ಮ್ಯಾನ್ಸನ್ನರ ಶಿಷ್ಯನಂತಿದ್ದವರು, ಇಂಡಿಯಾದಿಂದ ಪತ್ರದ ಮೇಲೆ ಪತ್ರ ಬರೆದವರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಅವರು ಮಲೇರಿಯಾದ ಜೀವಿಯನ್ನು ಕಂಡರು. ಅದಕ್ಕೂ ಬಹಳ ಮೊದಲು, 1883ರಲ್ಲಿ, ಹರೆಯದ ಸೇನಾ ವೈದ್ಯರಾಗಿ ಬೆಂಗಳೂರಿನಲ್ಲಿದ್ದರು. ಬಂಗಲೆಯಲ್ಲಿ ಸೊಳ್ಳೆಕಾಟ ವಿಪರೀತ. ನಿಂತ ನೀರಿನಲ್ಲಿ ಮರಿಗಳು ಹೊರಳಾಡುತ್ತಿದ್ದುದನ್ನು ಕಂಡು, ನೀರು ಚೆಲ್ಲಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಕಂಡುಕೊಂಡರು. ಇಂದಿಗೂ ನಮ್ಮ ಆಶಾ ಕಾರ್ಯಕರ್ತೆಯರು ಡೆಂಗಿ ಕಾಲದಲ್ಲಿ ಮನೆಮನೆಗೆ ಹೋಗಿ ಡ್ರಮ್ಮಿನ ನೀರು ಚೆಲ್ಲಿಸುತ್ತಾರಲ್ಲ, ಅದೇ ಕೆಲಸ.

ತರಗತಿ ಎಂದರೆ ದುಂಡನೆಯ ಮೇಜು. ನನ್ನ ಎಡಕ್ಕೆ ಉಗಾಂಡದ ನರ್ಸ್, ಬಲಕ್ಕೆ ಪೆರುವಿನ ಡಾಕ್ಟರ್, ಎದುರಿಗೆ ನೈಜೀರಿಯಾದ ಹಳ್ಳಿಗಳಲ್ಲಿ ಪೋಲಿಯೊ ಹನಿ ಹಾಕಿ ಬಂದ ತರುಣ. ಮೇಷ್ಟ್ರನ್ನು ಹೆಸರು ಹಿಡಿದು ಕರೆಯಬೇಕು. ಮೊದಮೊದಲು ನನ್ನ ನಾಲಿಗೆಗೆ ಅದು ಬರುವುದೇ ಇಲ್ಲ. ಅವರು ಪಾಠ ಒಪ್ಪಿಸುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಾರೆ. ನೀವು ಏನು ಹೇಳಿದರೂ ಅವರ ಮುಂದಿನ ಮಾತು ಒಂದೇ, "ನಿಮಗೆ ಹೇಗೆ ಗೊತ್ತು?" ಗದರಿಕೆಯಲ್ಲ, ನಿಜವಾದ ಕುತೂಹಲ. ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಕೇಸ್ ಎಂದರೆ ಮಂಚದ ಮೇಲೆ ಮಲಗಿದ ಒಬ್ಬ ಮನುಷ್ಯ: ನಾಡಿ ಹಿಡಿ, ಹೊಟ್ಟೆ ಒತ್ತಿ ನೋಡು, ಹೆಸರು ಕೊಡು, ಔಷಧಿ ಬರೆ. ಇಲ್ಲಿ ಆ ಮಂಚದ ಹಿಂದೆ ಒಂದು ಮನೆ, ಮನೆಯ ಹಿಂದೆ ಒಂದು ಬೀದಿ, ಬೀದಿಗೊಂದು ನಲ್ಲಿ, ನಲ್ಲಿಯ ಹಿಂದೆ ಒಂದು ಪುರಸಭೆ ಕಾಣಿಸಿಕೊಳ್ಳುತ್ತ ಹೋಗುತ್ತದೆ. ಮಂಗನ ಕಾಯಿಲೆಯ ಬಗ್ಗೆ ಹೇಳಿ ಎಂದು ಒಂದು ಮಧ್ಯಾಹ್ನ ನನಗೆ ಸರದಿ ಬರುತ್ತದೆ. ಲಕ್ಷಣಗಳನ್ನು, ಕಾಡಿಗೆ ಹೋಗಿ ಬಂದ ಹೆಂಗಸರಿಗೆ ಅದು ತಗಲುವುದನ್ನು ಹೇಳಿ ಮುಗಿಸುತ್ತೇನೆ. ಉಗಾಂಡದ ಗೆಳತಿ ಕೇಳುತ್ತಾಳೆ, "ಆ ಹೆಂಗಸರು ಕಾಡಿಗೆ ಯಾಕೆ ಹೋಗುತ್ತಾರೆ?" ದರಗು ತರಲು, ಸೌದೆಗೆ, ದನ ಹುಡುಕಲು. "ಹೋಗದಿದ್ದರೆ?" ಕೊಟ್ಟಿಗೆಗೆ ಹಾಸಲು ಏನೂ ಇಲ್ಲ, ತೋಟಕ್ಕೆ ಗೊಬ್ಬರವಿಲ್ಲ. ಮಾತು ಬೆಳೆಯುತ್ತ ಬೆಳೆಯುತ್ತ ನನ್ನ ಮುಂದೆ ನನ್ನದೇ ಊರು ಹೊಸದಾಗಿ ಬಂದು ನಿಲ್ಲುತ್ತದೆ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿಯನ್ನು ಕೈಗಿಟ್ಟು ಕಳಿಸುತ್ತಿದ್ದೆನಲ್ಲ, ಆ ಕೈ ಯಾವ ಕೆಲಸಕ್ಕೆ ಹೊರಟಿತ್ತು ಎಂದು ಇಷ್ಟು ವಿವರವಾಗಿ ಯಾರಿಗೂ ಹೇಳಿರಲೇ ಇಲ್ಲ.

ಈಗ ಸೋಹೋಗೆ ಹೋಗೋಣ. ದೂರವಿಲ್ಲ, ನಡೆದೇ ಹೋಗಬಹುದು. ಆಕ್ಸ್‌ಫರ್ಡ್ ಸ್ಟ್ರೀಟಿನ ಕೆಂಪು ಬಸ್ಸುಗಳ ಸಾಲು ದಾಟಿ ಒಳಗಲ್ಲಿಗಳಿಗೆ ಇಳಿದರೆ ಸದ್ದೇ ಬದಲಾಗುತ್ತದೆ. ನೂಡಲ್ಸ್ ಕುದಿಯುವ ಆವಿ, ಹುರಿದ ಕಾಫಿ ಬೀಜ, ಪಬ್ಬುಗಳ ಬಾಗಿಲಲ್ಲಿ ಹುಳಿ ಬಿಯರಿನ ಘಮ, ಕಿಟಕಿಯಿಂದ ಸೋರುವ ಸ್ಯಾಕ್ಸೊಫೋನ್. ಬ್ರಾಡ್‌ವಿಕ್ ಸ್ಟ್ರೀಟಿನಲ್ಲಿ ಜನರ ಕಾಲುಗಳ ನಡುವೆ ಒಂದು ಕಪ್ಪು ಬೋರು ನಿಂತಿದೆ. ನಮ್ಮೂರ ಕೈಪಂಪಿನ ಹಾಗೆಯೇ, ಆದರೆ ಹಿಡಿ ಇಲ್ಲ. ಪಕ್ಕದ ಪಾದಚಾರಿ ದಾರಿಯ ಅಂಚಿನಲ್ಲಿ ಒಂದೇ ಒಂದು ಕಲ್ಲು ಮಿಕ್ಕವುಗಳಿಗಿಂತ ಬೇರೆ ಬಣ್ಣದ್ದು, ಗುಲಾಬಿ ಗ್ರಾನೈಟ್. ಹಳೆಯ ಪಂಪು ಇದ್ದದ್ದು ಅಲ್ಲಿ. ಬಗ್ಗಿ ಕೈಯಿಟ್ಟು ನೋಡುತ್ತೇನೆ. ತಣ್ಣಗಿದೆ, ನುಣ್ಣಗಾಗಿದೆ, ಮೇಲೆ ಯಾರೋ ಬೀಳಿಸಿದ ಚಿಪ್ಸಿನ ಚೂರು.

1854ರ ಆಗಸ್ಟ್ ಕೊನೆಗೆ ಈ ಬೀದಿಯಲ್ಲಿ ಕಾಲರಾ ಎದ್ದಿತು. ಆಗ ಇದರ ಹೆಸರು ಬ್ರಾಡ್ ಸ್ಟ್ರೀಟ್. ಹತ್ತೇ ದಿನದಲ್ಲಿ ಐನೂರಕ್ಕೂ ಹೆಚ್ಚು ಜನ ಹೋದರು. ಕೊನೆಗೆ ಸತ್ತವರು 616. ಕಾಯಿಲೆ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ದೊಡ್ಡದೊಡ್ಡವರೆಲ್ಲ ನಂಬಿದ್ದ ಕಾಲ. ಹತ್ತಿರದಲ್ಲೇ ವಾಸವಿದ್ದ ಜಾನ್ ಸ್ನೋ ಎಂಬ ವೈದ್ಯ, ಮಾತು ಕಡಿಮೆಯ ಮನುಷ್ಯ, ಬಾಗಿಲಿಂದ ಬಾಗಿಲಿಗೆ ನಡೆದರು. ಸತ್ತವರ ಮನೆಯವರನ್ನು ಕೇಳಿದ ಪ್ರಶ್ನೆ ಇಷ್ಟೇ: ನೀರು ಎಲ್ಲಿಂದ ತರುತ್ತಿದ್ದಿರಿ? ಸತ್ತವರ ಲೆಕ್ಕ ಹಿಡಿಯುವುದರ ಜೊತೆಗೆ ಬದುಕಿದವರ ಲೆಕ್ಕವನ್ನೂ ಅವರು ಹಿಡಿದರು, ನನಗೆ ಮೈ ಜುಮ್ಮೆನಿಸುವುದು ಅದಕ್ಕೆ. ಪೋಲೆಂಡ್ ಸ್ಟ್ರೀಟಿನ ಬಡವರ ಆಶ್ರಯಕ್ಕೆ ಸ್ವಂತ ಬಾವಿ ಇತ್ತು. ಅಲ್ಲಿದ್ದ 535 ಜನರಲ್ಲಿ ಕಾಲರಾಕ್ಕೆ ಹೋದವರು ಐದೇ ಮಂದಿ. ಇದೇ ಬೀದಿಯ ಬಿಯರ್ ಕಾರ್ಖಾನೆಯ ಆಳುಗಳಿಗೆ ಕುಡಿಯಲು ಅಲ್ಲಿನ ಬಿಯರೇ ಸಿಗುತ್ತಿತ್ತು, ಪಂಪಿನ ಹತ್ತಿರ ಬರುತ್ತಿರಲಿಲ್ಲ, ಸಾಯಲಿಲ್ಲ. ಮೈಲಿಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್ ಕಡೆ ಒಬ್ಬ ವಿಧವೆ ಸತ್ತಳು. ಅಲ್ಲಿ ಬೇರೆ ಕಾಲರಾವೇ ಇಲ್ಲ. ವಿಚಾರಿಸಿದರೆ, ಬ್ರಾಡ್ ಸ್ಟ್ರೀಟಿನಲ್ಲಿ ಹಿಂದೆ ಇದ್ದವಳು, ಆ ನೀರಿನ ರುಚಿ ಹಿಡಿಸಿ ದಿನಾ ಗಾಡಿಯಲ್ಲಿ ಒಂದು ಬಾಟಲಿ ತರಿಸಿಕೊಳ್ಳುತ್ತಿದ್ದಳು. ಸ್ನೋ ಮಾತಿಗೆ ಒಪ್ಪಿ ಸ್ಥಳೀಯ ಆಡಳಿತದವರು ಪಂಪಿನ ಹಿಡಿ ತೆಗೆಸಿದರು.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹೆನ್ರಿ ವೈಟ್‌ಹೆಡ್ ಎಂಬ ಎಳೆ ಪಾದ್ರಿ ಸ್ನೋ ಹೇಳಿದ್ದು ಸುಳ್ಳೆಂದು ತೋರಿಸಲು ಅದೇ ಮನೆಗಳಿಗೆ ಮತ್ತೆ ಹೋದರು. ಆ ಜನ ಅವರ ಜನವೇ, ಸಾಯುವಾಗ ಕೈ ಹಿಡಿದು ಕೂತಿದ್ದವರು. ಕೇಳುತ್ತ ಕೇಳುತ್ತ ಅವರು ಸ್ನೋ ಕಡೆಗೇ ಬಂದರು, ಕೊನೆಗೆ ಮೂಲವನ್ನೂ ಹಿಡಿದರು: ಪಂಪಿನ ಪಕ್ಕದ 40ನೇ ನಂಬರಿನ ಮನೆ, ಅಲ್ಲೊಂದು ಹಸುಗೂಸಿಗೆ ಭೇದಿ, ತಾಯಿ ಬಟ್ಟೆ ಹಿಂಡಿದ ನೀರನ್ನು ಮನೆಯ ಮಲಗುಂಡಿಗೆ ಸುರಿದಿದ್ದಳು, ಗುಂಡಿಯ ಇಟ್ಟಿಗೆ ಸಡಿಲಾಗಿ ಅದು ಬಾವಿಗೆ ಜಿನುಗುತ್ತಿತ್ತು.

ಎದುರಿನ ಮೂಲೆಯಲ್ಲಿ ಜಾನ್ ಸ್ನೋ ಹೆಸರಿನ ಪಬ್ಬಿದೆ. ಸ್ನೋ ಬಹುಕಾಲ ಮದ್ಯ ಮುಟ್ಟದೆ ಬದುಕಿದವರು. ಗೋಡೆಗೆ ಒರಗಿ, ಕೈಯಲ್ಲಿ ಬಿಸಿ ಕಾಫಿ ಹಿಡಿದು ನಿಂತವಳಿಗೆ ನೆನಪಾಗುವುದು ನಮ್ಮ ಕೇಂದ್ರದ ಆಶಾ ಅಕ್ಕ. ಗುಲಾಬಿ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಉದ್ದನೆಯ ರಿಜಿಸ್ಟರು. ಬಿಸಿಲಲ್ಲಿ ಅಡಿಕೆ ತೋಟಗಳನ್ನು ಇಳಿದು ಹತ್ತಿ, "ಜ್ವರ ಯಾರಿಗಾದ್ರೂ ಇದ್ಯಾ ಅಮ್ಮ? ಹಿತ್ಲಲ್ಲಿ ಮಂಗ ಸತ್ತಿದ್ದು ಕಂಡಿದ್ರಾ?" ಎಂದು ಕೇಳುತ್ತ ಹೋಗುವವರು. ವೈದ್ಯರೆಲ್ಲ ಇಂದಿಗೂ ಪೂಜಿಸುವ ಸ್ನೋ ಮಾಡಿದ್ದೂ ಈ ಕೆಲಸವನ್ನೇ. ಅಕ್ಕನ ರಿಜಿಸ್ಟರಿಗೆ ತಿಂಗಳ ಕೊನೆಯಲ್ಲಿ ಸಹಿ ಹಾಕಿ ಮುಚ್ಚಿಡುತ್ತಿದ್ದ ಕೈ ನನ್ನದು. ಇನ್ನು ಮೇಲೆ ಅದನ್ನು ಮೊದಲ ಪುಟದಿಂದ ಓದಬೇಕು ಎಂಬ ಆಸೆ ಅಲ್ಲಿ ನಿಂತಲ್ಲೇ ಎದ್ದು, ಚಳಿಯಲ್ಲೂ ಮೈ ಬೆಚ್ಚಗಾಗುತ್ತದೆ.

ಇನ್ನೊಂದು ಶನಿವಾರ ಲಂಡನ್ ಬ್ರಿಜ್ ಹತ್ತಿರ. ರೈಲು ನಿಲ್ದಾಣದ ಗದ್ದಲದ ಪಕ್ಕದಲ್ಲೇ ಹಳೆಯದೊಂದು ಚರ್ಚು, ಅದರ ಗೋಪುರದೊಳಗೆ ಸುತ್ತಿಕೊಂಡು ಏರುವ ಇಕ್ಕಟ್ಟಿನ ಮೆಟ್ಟಿಲು. ಹಗ್ಗ ಹಿಡಿದು ಹತ್ತಿ. ಮೇಲೆ ಬಂದೊಡನೆ ಮೂಗಿಗೆ ಒಣ ಸೊಪ್ಪಿನ, ಲ್ಯಾವೆಂಡರಿನ, ಹಳೆ ಮರದ ವಾಸನೆ. ಸೇಂಟ್ ಥಾಮಸ್ ಆಸ್ಪತ್ರೆ ಈ ಕಡೆ ಇದ್ದ ಕಾಲದಲ್ಲಿ ಔಷಧಿ ಗಿಡಮೂಲಿಕೆ ಒಣಗಿಸುತ್ತಿದ್ದ ಅಟ್ಟ ಇದು. 1822ರಲ್ಲಿ ಇದೇ ಅಟ್ಟದ ಒಂದು ಭಾಗವನ್ನು ಹೆಂಗಸರ ಶಸ್ತ್ರಚಿಕಿತ್ಸೆಯ ಕೊಠಡಿ ಮಾಡಿದರು. 1862ರಲ್ಲಿ ರೈಲುದಾರಿಗಾಗಿ ಆಸ್ಪತ್ರೆ ಎದ್ದು ಹೋಯಿತು, ಅಟ್ಟಕ್ಕೆ ಹೋಗುವ ಬಾಗಿಲು ಮುಚ್ಚಿತು. 1956ರಲ್ಲಿ ರೇಮಂಡ್ ರಸೆಲ್ ಎಂಬುವರು ಏಣಿ ಇಟ್ಟು ಹತ್ತಿ ನೋಡುವವರೆಗೆ ಅದು ಕತ್ತಲಲ್ಲೇ ಇತ್ತು.

ಗಾಜಿನ ಚಾವಣಿಯಿಂದ ಬೆಳಕು ನೇರ ಮೇಜಿನ ಮೇಲೆ ಬೀಳುತ್ತದೆ. ಮರದ ಮೇಜು, ತಗ್ಗು, ಒರಟು, ಮೈಮೇಲೆ ಕಚ್ಚುಗಳು. ಕೆಳಗೆ ಮರದ ಹೊಟ್ಟಿನ ಪೆಟ್ಟಿಗೆ, ರಕ್ತ ಹೀರಲು. ಸುತ್ತ ಕುದುರೆಲಾಳದ ಆಕಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ವಿದ್ಯಾರ್ಥಿಗಳು ನಿಲ್ಲುವ ಕಟಕಟೆ. ನಾನೂ ಹೋಗಿ ಅಲ್ಲಿ ನಿಲ್ಲುತ್ತೇನೆ. ಇಲ್ಲಿ ಮಲಗಿದವರೆಲ್ಲ ಬಡ ಹೆಂಗಸರು. 1846ರ ಕೊನೆಯವರೆಗೆ ಲಂಡನ್ನಿನಲ್ಲಿ ಅರಿವಳಿಕೆ ಎಂಬುದಿರಲಿಲ್ಲ. ನಿಮಿಷಗಳಲ್ಲಿ ಕಾಲು ಕತ್ತರಿಸಿ ಮುಗಿಸುವವನೇ ನಿಪುಣ ಸರ್ಜನ್. ಕೈ ತೊಳೆಯಲು ಒಂದು ಪುಟ್ಟ ಬೋಗುಣಿ ಮಾತ್ರ. ಮೇಜಿನ ಅಂಚು ಹಿಡಿದುಕೊಂಡಿದ್ದ ಆ ಹೆಂಗಸರ ಕೈಗಳನ್ನು ನೆನೆದು ಗಂಟಲು ಕಟ್ಟುತ್ತದೆ. ಅರಿವಳಿಕೆಯಾಗಿ ಈಥರ್ ಬಂದ ಮೇಲೆ ಅದನ್ನು ಅಳತೆ ಮಾಡಿ, ಜೀವಕ್ಕೆ ಅಪಾಯವಿಲ್ಲದಂತೆ ಕೊಡುವ ವಿದ್ಯೆಯನ್ನು ಹದಕ್ಕೆ ತಂದವರಲ್ಲಿ ದೊಡ್ಡವರು ಯಾರು ಗೊತ್ತೇ? ಸೋಹೋದ ಬೀದಿ ಅಲೆದ ಅದೇ ಜಾನ್ ಸ್ನೋ. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರಂ ಕೊಟ್ಟವರೂ ಅವರೇ. ಅರಮನೆಯಲ್ಲಿ ರಾಣಿಯ ನೋವು ಕಳೆದ ಮರುವರ್ಷವೇ ಗಲ್ಲಿಯ ಮಲಗುಂಡಿಗಳ ಪಕ್ಕ ನಿಂತು ಲೆಕ್ಕ ಬರೆದುಕೊಂಡರು. ಎಂಥ ಮನುಷ್ಯ!

ಚಳಿಗಾಲ ಬರುತ್ತದೆ. ಸಂಜೆ ನಾಲ್ಕಕ್ಕೇ ಕತ್ತಲೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ನಾವು ಆರೇಳು ದೇಶದವರು ಒಂದೇ ಒಲೆಯ ಸುತ್ತ ನಿಲ್ಲುತ್ತೇವೆ. ನನ್ನ ಸಾರಿನ ಒಗ್ಗರಣೆಗೆ ಕಿಟಕಿ ತೆರೆಯುವ ಗೆಳೆಯರು ಅದೇ ಸಾರಿಗೆ ಲೋಟ ಹಿಡಿದು ಬರುತ್ತಾರೆ. ಅಮ್ಮ ಫೋನಿನಲ್ಲಿ, "ಊಟ ಆತಾ ಪುಟ್ಟಿ, ಸ್ವೆಟರ್ ಹಾಕ್ಕಂಡಿದೀಯಾ?" ಎನ್ನುತ್ತಾಳೆ. ಒಂಟಿತನ ಇದೆ, ಇಲ್ಲವೆನ್ನಲಾರೆ. ಆದರೆ ಅದು ಬಂದ ಸಂಜೆಗಳಲ್ಲಿ ನಾನು ಈಗ ಕೋಣೆಯಲ್ಲಿ ಕೂರುವುದಿಲ್ಲ, ಬೂಟು ಹಾಕಿ ನದಿಯ ಕಡೆ ಹೊರಡುತ್ತೇನೆ.

ವಸಂತದ ಒಂದು ಮಧ್ಯಾಹ್ನ ಉಗಾಂಡದ ಗೆಳತಿಯೂ ಜೊತೆಗಿದ್ದಾಳೆ. ಥೇಮ್ಸ್ ಇಳಿದಿದೆ, ದಂಡೆಯಲ್ಲಿ ಕಂದು ಕೆಸರು, ಕಡಲಕಾಗೆಗಳ ಕಿರುಚಾಟ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣ ನಿಂತಿದ್ದಾರೆ. 2015ರ ನವೆಂಬರ್ 14ರಂದು ಅನಾವರಣವಾದ ಪ್ರತಿಮೆ. ಅದಕ್ಕಾಗಿ ಓಡಾಡಿದವರು ಕಲಬುರಗಿ ಕಡೆಯಿಂದ ಬಂದು, ಇಲ್ಲಿಯ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್. ಅವರೂ ವೃತ್ತಿಯಿಂದ ವೈದ್ಯರೇ. "ಯಾರಿವರು?" ಎಂದು ಗೆಳತಿ ಕೇಳುತ್ತಾಳೆ. ಹನ್ನೆರಡನೇ ಶತಮಾನ, ಕಲ್ಯಾಣ, ಚಮ್ಮಾರನೂ ಅಗಸನೂ ಮಂತ್ರಿಯೂ ಒಟ್ಟಿಗೆ ಕೂತು ಮಾತಾಡಿದ ಮಂಟಪ, ಎಲ್ಲ ಹೇಳುತ್ತ ಹೋಗುತ್ತೇನೆ. ನಾನು ಇಷ್ಟೊಂದು ಮಾತಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಅವಳು ಹೂಂಗುಟ್ಟುತ್ತ ಬರುತ್ತಾಳೆ.

ಅದೇ ದಂಡೆಯಲ್ಲಿ ಲ್ಯಾಂಬೆತ್ ಸೇತುವೆಯನ್ನು ಹಿಂದೆ ಬಿಟ್ಟ ಮೇಲೆ ಎಡಕ್ಕೆ ನದಿ, ಬಲಕ್ಕೆ ಗೋಡೆ. ಗೋಡೆಯ ತುಂಬ ಕೆಂಪು ಹೃದಯಗಳು. ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ಒಂದರ ಪಕ್ಕ ಒಂದು, ಎರಡು ಲಕ್ಷಕ್ಕೂ ಮಿಕ್ಕಿ. ಕೋವಿಡ್‌ನಲ್ಲಿ ಹೋದ ಒಬ್ಬೊಬ್ಬರಿಗೂ ಒಂದೊಂದು. 2021ರಲ್ಲಿ ತಮ್ಮವರನ್ನು ಕಳೆದುಕೊಂಡವರೇ ನಿಂತು ಬರೆದದ್ದು. ಕೆಲವು ಮಾಸಿ ತಿಳಿಗೆಂಪಾಗಿವೆ. ಸ್ವಯಂಸೇವಕರು ಮತ್ತೆ ಬಣ್ಣ ತುಂಬುತ್ತಾರೆ. ಒಳಗೆ ಸಣ್ಣ ಅಕ್ಷರದಲ್ಲಿ ಹೆಸರುಗಳು: ಅಪ್ಪ, ನಾನಿ, ನಮ್ಮ ಬಸ್ ಡ್ರೈವರ್. ನಾನು ತರಗತಿಯಲ್ಲಿ ಓದುತ್ತಿದ್ದ ಗ್ರಾಫುಗಳ ಏರು ಗೆರೆ ಇಲ್ಲಿ ಮಲಗಿಸಿಟ್ಟಂತಿದೆ. ನದಿಯಾಚೆ ಪಾರ್ಲಿಮೆಂಟ್ ಭವನ ಇದನ್ನೇ ನೋಡುತ್ತ ನಿಂತಿದೆ. ಈ ಗೋಡೆಗೆ ಅದಕ್ಕಿಂತ ಸರಿಯಾದ ಜಾಗ ಇರಲಾರದು.

ಗೋಡೆಯ ಹಿಂದೆ ಈಗಿನ ಸೇಂಟ್ ಥಾಮಸ್ ಆಸ್ಪತ್ರೆ. 1860ರಲ್ಲಿ ನೈಟಿಂಗೇಲ್ ನರ್ಸಿಂಗ್ ಶಾಲೆ ಶುರುವಾದದ್ದು ಈ ಆಸ್ಪತ್ರೆಗೆ ಸೇರಿಕೊಂಡೇ. ಕೈತೋಟದಲ್ಲಿ ಮೇರಿ ಸೀಕೋಲ್ ನಿಂತಿದ್ದಾಳೆ, ನಿಂತಿದ್ದಾಳೆ ಎನ್ನುವುದಕ್ಕಿಂತ ಗಾಳಿಗೆದುರಾಗಿ ನಡೆಯುತ್ತಿದ್ದಾಳೆ. ಜಮೈಕಾದ ಈ ಹೆಂಗಸು ಕ್ರಿಮಿಯಾ ಯುದ್ಧಕ್ಕೆ ಶುಶ್ರೂಷಕಿಯಾಗಿ ಹೋಗುತ್ತೇನೆಂದಳು, ಅಧಿಕಾರಿಗಳು ಕರೆದುಕೊಳ್ಳಲಿಲ್ಲ. ಸ್ವಂತ ಖರ್ಚಿನಲ್ಲಿ ಹೋಗಿ ಸೈನಿಕರಿಗೆ ಊಟ, ಔಷಧಿ, ಆರೈಕೆ ಕೊಟ್ಟಳು. ಈ ಪ್ರತಿಮೆ ಬಂದದ್ದು 2016ರಲ್ಲಿ. ಬೆನ್ನ ಹಿಂದಿನ ದೊಡ್ಡ ಕಂಚಿನ ತಟ್ಟೆ ಅವಳು ಇದ್ದ ಕ್ರಿಮಿಯಾದ ನೆಲದ ಅಚ್ಚು. ನನ್ನ ಗೆಳತಿ ಆ ಒರಟು ಕಂಚನ್ನು ಎರಡೂ ಕೈಯಿಂದ ಸವರಿ, "ನನ್ನ ಫೋಟೋ ತೆಗೆ, ಅಮ್ಮನಿಗೆ ಕಳಿಸಬೇಕು" ಎನ್ನುತ್ತಾಳೆ.

ಸಂಜೆಯ ಪಾಳಿ ಬದಲಾಗುವ ಹೊತ್ತು. ಆಸ್ಪತ್ರೆಯ ಬಾಗಿಲಿಂದ ನರ್ಸುಗಳು ಹೊರಬರುತ್ತಿದ್ದಾರೆ, ಫಿಲಿಪೀನ್ಸ್‌ನವರು, ನೈಜೀರಿಯಾದವರು, ಕೇರಳದವರು. ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ನಿಂತವರು ಫೋನಿಗೆ, "ಆಯ್ತು, ಇಡ್ತೇನೆ, ಬಸ್ಸು ಬಂತು" ಎನ್ನುತ್ತಾರೆ. ತಿರುಗಿ ನೋಡುತ್ತೇನೆ. ಕೋಟಿನ ಕೆಳಗೆ ನೀಲಿ ಸಮವಸ್ತ್ರ, ನೆರೆತ ಕೂದಲು.

"ಕನ್ನಡದವರಾ ಅಕ್ಕ?"

"ಅಯ್ಯೋ ದೇವರೇ! ಹೌದು ಮಾರಾಯ್ತಿ. ಶಿರ್ವದವಳು ನಾನು. ನೀವು ಎಲ್ಲಿ?"

ಸಾಗರ ಎಂದಾಗ ಅವರಿಗೆ ಜೋಗ ನೆನಪಾಗುತ್ತದೆ, ಶಾಲೆಯ ಪ್ರವಾಸ ನೆನಪಾಗುತ್ತದೆ. ಏನು ಓದುವುದು, ಎಷ್ಟು ಸಮಯ, ಊಟಕ್ಕೆ ಏನು ಮಾಡುತ್ತೀರಿ, ಎಲ್ಲ ಒಂದೇ ಉಸಿರಿಗೆ ಕೇಳಿಬಿಡುತ್ತಾರೆ. 77ನೇ ನಂಬರ್ ಬಸ್ಸು ಬಂದು ನಿಂತಿದೆ. ಅವರು ಒಂದು ಕಾಲು ಒಳಗಿಟ್ಟು, ನನ್ನ ಫೋನು ಕಿತ್ತುಕೊಂಡು ತಮ್ಮ ನಂಬರು ಒತ್ತುತ್ತಾರೆ.

"ಆದಿತ್ಯವಾರ ಮನೆಗೆ ಬನ್ನಿ. ನೀರುದೋಸೆ ಮಾಡ್ತೇನೆ. ಈ ಹುಡುಗಿಯನ್ನೂ ಕರ್ಕೊಂಡು ಬನ್ನಿ. ತೆಂಗಿನಕಾಯಿ ಮಾತ್ರ ನೀವು ತನ್ನಿ, ಟೂಟಿಂಗ್‌ನಲ್ಲಿ ಒಳ್ಳೇದು ಸಿಗ್ತದೆ. ಅಲ್ಲಾಡಿಸಿ ನೋಡಿ ತಕೊಳ್ಳಿ, ಆಯ್ತಾ?"